ಅಡತಿ ಕಾಕಾ ಮರಳಿ ಒಯ್ದ ಕಂಪ್ಯೂಟರು

ಅವರ ಬಲ ಅಂಗೈಯಲ್ಲಿ ಒಂದು ರೇಖೆಯೂ ಇರಲಿಲ್ಲ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಚರ್ಮ ಸುಟ್ಟು, ಮಾಗಿ, ನುಣ್ಣಗೆ ಹೊಳೆಯುತ್ತಿತ್ತು. ಆ ಅಂಗೈಯನ್ನು ಕಂಪ್ಯೂಟರಿನ ಮಾನಿಟರಿನ ನೆತ್ತಿಯ ಮೇಲಿಟ್ಟು, ಕಣ್ಣು ಮುಚ್ಚಿ, ಕೂಸಿನ ಜ್ವರ ನೋಡುವವರ ಹಾಗೆ ನಿಲ್ಲುತ್ತಿದ್ದರು. ಅಲ್ಲಿ ಕುಳಿತು ಟೈಪು ಮಾಡುವವರಿಗೆ ಕಿರಿಕಿರಿ. ಆಚೆ ಸರಿಯಿರಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಯಾಕೆಂದರೆ ಅಂಗಡಿ ಅವರದೇ.

ಬೈಲಹೊಂಗಲದ ಪೇಟೆಯಲ್ಲಿ ಅವರನ್ನು ಎಲ್ಲರೂ ಅಡತಿ ಕಾಕಾ ಎನ್ನುತ್ತಿದ್ದರು. ರೈತರು ತಂದ ಹತ್ತಿಯನ್ನು ತಮ್ಮಲ್ಲಿಟ್ಟುಕೊಂಡು ವ್ಯಾಪಾರಿಗಳಿಗೆ ಮಾರಿಸಿಕೊಡುವ ಅಡತಿ ಅಂಗಡಿ ಅವರ ಮನೆತನದ್ದು. ಹರೆಯದಲ್ಲಿ ಅವರ ವಖಾರಕ್ಕೆ, ಅಂದರೆ ಹತ್ತಿಯ ಉಗ್ರಾಣಕ್ಕೆ, ಒಮ್ಮೆ ಬೆಂಕಿ ಬಿದ್ದಿತ್ತಂತೆ. ಒತ್ತಿ ಕಟ್ಟಿದ ಹತ್ತಿಯ ಅಂಡಿಗೆಯೊಳಗೆ ಕಿಡಿ ಸೇರಿದರೆ ಹೊರಗೆ ಏನೂ ಕಾಣುವುದಿಲ್ಲ. ದಿನಗಟ್ಟಲೆ ಒಳಗೊಳಗೇ ಕಾದು, ಯಾರೂ ಇಲ್ಲದ ಹೊತ್ತು ನೋಡಿ ಭುಗಿಲ್ಲೆನ್ನುತ್ತದೆ. ಅಂದಿನಿಂದ ಪ್ರತಿ ಅಂಡಿಗೆಯನ್ನೂ ಅಂಗೈಯಿಂದ ಮುಟ್ಟಿ ನೋಡುವುದು ಅವರಿಗೆ ರೂಢಿಯಾಯಿತು. ಹತ್ತಿ ಹೋಗಿ ಕಂಪ್ಯೂಟರು ಬಂದರೂ ಕೈಯ ರೂಢಿ ಹೋಗಲಿಲ್ಲ.

ಅಡತಿ ವ್ಯಾಪಾರ ಸಪ್ಪಗಾದ ಮೇಲೆ, ಎರಡು ಸಾವಿರದ ಇಸವಿಯ ಈಚೆ, ಅಂಗಡಿಯ ಮುಂಭಾಗದಲ್ಲಿ ಸೈಬರ್ ಸೆಂಟರ್ ತೆರೆದರು. ಧೋತರ, ಬಿಳಿ ಟೊಪ್ಪಿಗೆ, ಹಣೆತುಂಬ ವಿಭೂತಿಯ ಆ ಮನುಷ್ಯ ಕಂಪ್ಯೂಟರುಗಳ ನಡುವೆ ಅಡ್ಡಾಡುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ಅವರ ಚಿಂತೆಗಳಿಗೆ ಲೆಕ್ಕವಿರಲಿಲ್ಲ. ಕರೆಂಟು ಹೋದೀತು, ಫೋನಿನ ಲೈನು ಕಡಿದೀತು, ಇಲಿ ವೈರು ಕಡಿದೀತು. ಎಲ್ಲಕ್ಕಿಂತ ದೊಡ್ಡ ಚಿಂತೆ, ಗಿರಾಕಿಗಳು ಕೂಡಿಟ್ಟದ್ದು ಕಳೆದುಹೋದೀತು. ಯಾರು ಕುರ್ಚಿ ಬಿಟ್ಟೆದ್ದರೂ ಅವರ ಬಾಯಿಂದ ಒಂದೇ ಮಾತು.

"ಉಳಿಸಿದೀ ಏನ? ಉಳಿಸಿದ್ದು ತಗದ ನೋಡಿದೀ ಏನ?"

ಅಡತಿ ಅಂಗಡಿಯಲ್ಲಿ ಒಬ್ಬ ರೈತನ ಮಾಲು ಇನ್ನೊಬ್ಬನದರಲ್ಲಿ ಬೆರೆಯಬಾರದು. ಅದಕ್ಕೇ ಪ್ರತಿಯೊಬ್ಬರ ಚೀಲದ ಮೇಲೂ ಮಸಿಯಿಂದ ಒಂದೊಂದು ಗುರುತು ಬರೆಯುತ್ತಿದ್ದರು. ಹೆಸರಲ್ಲ, ಗುರುತು. ಚಂದ್ರ, ನವಿಲು, ಕೊಡಲಿ. ಸೈಬರಿನಲ್ಲೂ ಕಾಕಾ ಅದೇ ಪದ್ಧತಿ ನಡೆಸಿದರು. ನಿತ್ಯ ಬರುವ ಪ್ರತಿ ಗಿರಾಕಿಗೂ ಬ್ರೌಸರಿನ ಬುಕ್‌ಮಾರ್ಕುಗಳಲ್ಲಿ ಒಂದೊಂದು ಫೋಲ್ಡರು, ಅದಕ್ಕೊಂದು ಗುರುತು. ನಾವು ಮತ್ತೆ ಮತ್ತೆ ನೋಡುವ ಪುಟಗಳೆಲ್ಲ ಅದರೊಳಗೆ. ಪಾಸ್‌ವರ್ಡು ನೆನಪಿಡಲೇ ಎಂದು ಬ್ರೌಸರು ಕೇಳಿದರೆ, ನಮ್ಮ ಭುಜದ ಮೇಲಿಂದ ಕೈ ಚಾಚಿ ಅವರೇ ‘ಹೌದು’ ಒತ್ತಿಬಿಡುತ್ತಿದ್ದರು. ಮರೆತೀರಿ ಎಂಬ ಭಯ ಅವರಿಗೆ.

ನನಗೆ ಕೊಟ್ಟ ಗುರುತು ಕತ್ತರಿ. ಯಾಕೆ ಎಂದು ಕೇಳಿದ್ದಕ್ಕೆ, "ನಿನ್ನ ನಾಲಿಗಿ ನೋಡೇ ಇಟ್ಟೇನವಾ" ಎಂದು ನಕ್ಕಿದ್ದರು.

ನನ್ನ ಸಂಗತಿ ಇಲ್ಲಿ ಹೇಳದೆ ಗತಿಯಿಲ್ಲ. ನಾನು ಮುರಗೋಡದ ಮಗಳು, ಬೈಲಹೊಂಗಲಕ್ಕೆ ಕೊಟ್ಟಿದ್ದರು. ಮಗಳು ಇನ್ನೂ ತೊದಲುತ್ತಿದ್ದಾಗಲೇ ಗಂಡ ಅಪಘಾತದಲ್ಲಿ ತೀರಿಕೊಂಡರು. ಗಂಡನ ಮನೆಯಲ್ಲೇ ಇದ್ದು ಖಾಸಗಿ ಶಾಲೆಯೊಂದರಲ್ಲಿ ಕಲಿಸುತ್ತಿದ್ದೆ. ಅತ್ತೆ ಇದ್ದರು, ಗೊಬ್ಬರದ ಅಂಗಡಿ ನಡೆಸುವ ಭಾವ, ಅಂದರೆ ಗಂಡನ ಅಣ್ಣ, ಇದ್ದರು. ಭಾವ ಕೆಟ್ಟವರಲ್ಲ. ಮಗಳಿಗೆ ಬೂಟು ಕೊಳ್ಳುವಾಗ ತಮ್ಮ ಮಕ್ಕಳಿಗಿಂತ ಮೊದಲು ಕೊಳ್ಳುತ್ತಿದ್ದರು. ಆದರೆ ನನ್ನ ಗಂಡನ ದಿನಕರ್ಮದ ವೇಳೆಗೇ ನಾಲ್ಕು ಜನರ ಮುಂದೆ ಅಂದಿದ್ದರು, "ನಾಳಿ ಈಕಿ ಇನ್ನೊಂದ ಮನಿ ನೋಡ್ಕೊಂಡ್ರ ನಾ ಬ್ಯಾಡನ್ನೂದಿಲ್ಲ. ಹೋಗಲಿ. ಕೂಸು ಮಾತ್ರ ನಮ್ಮದು." ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಶಾಲೆಯ ಕೆಲಸಕ್ಕೆಂದು ಸೈಬರಿಗೆ ಹೋಗತೊಡಗಿದವಳು ಒಂದು ದಿನ ಎರಡನೇ ಮದುವೆಯವರ ಜಾಲತಾಣವೊಂದನ್ನು ತೆರೆದೆ. ಸುಮ್ಮನೆ ನೋಡೋಣವೆಂದು. ಕಾಕಾ ಮಾನಿಟರಿನ ಜ್ವರ ನೋಡಲು ಬಂದವರು ಪರದೆಯನ್ನೂ ನೋಡಿಬಿಟ್ಟರು. ನಾನು ಪುಟ ಮುಚ್ಚಲು ತಡಕಾಡಿದೆ. ಅವರು ಕೆಮ್ಮುತ್ತ ಹೊರಟುಹೋದರು. ಮರುದಿನ ಹೋದಾಗ ಮೂಲೆಯ ಕಂಪ್ಯೂಟರಿನ ಸುತ್ತ, ಹತ್ತಿ ತುಂಬುವ ಹಳೆಯ ಗೋಣಿತಟ್ಟು ಹೊಲಿದು ಪರದೆ ಕಟ್ಟಿದ್ದರು. "ಹೆಣ್ಣಮಕ್ಕಳಿಗೆ ಬ್ಯಾರೆ ಜಾಗಾ ಬೇಕಂತ ಭಾಳ ಮಂದಿ ಕೇಳಾಕತ್ತಿದ್ರು," ಅಂದರು. ಯಾರೂ ಕೇಳಿರಲಿಲ್ಲ. ಆ ಮೂಲೆಗೆ ಹೋಗುತ್ತಿದ್ದ ಹೆಣ್ಣುಮಗಳು ನಾನೊಬ್ಬಳೇ.

ಅದೇ ತಟ್ಟಿನ ಹಿಂದೆ ಕಿತ್ತೂರಿನವರೊಬ್ಬರ ಪರಿಚಯವಾಯಿತು. ಹೈಸ್ಕೂಲಿನಲ್ಲಿ ಗುಮಾಸ್ತರು, ಹೆಂಡತಿಯನ್ನು ಕಳೆದುಕೊಂಡವರು. ನಾವು ಬರೆದುಕೊಳ್ಳುತ್ತಿದ್ದುದೆಲ್ಲ ಆ ಜಾಲತಾಣದ ಒಳಗೇ. ಅವರ ಪುಟದ ವಿಳಾಸವೋ ಅಂಕಿ ಅಕ್ಷರ ಕಲಸಿದ ಉದ್ದನೆಯ ಸಾಲು. ಅದು ಬಾಯಿಪಾಠ ಬರುವಂಥದ್ದಲ್ಲ, ಬರೆದು ಮನೆಯಲ್ಲಿ ಇಟ್ಟುಕೊಳ್ಳುವಂಥದ್ದೂ ಅಲ್ಲ. ಕತ್ತರಿ ಎಂಬ ಫೋಲ್ಡರಿನಲ್ಲಿ ಅದು ಇತ್ತು. ಕ್ಲಿಕ್ಕಿಸಿದರೆ ಸಾಕು, ನನ್ನ ಹೆಸರು, ಫೋಟೋ, ಬರೆದ ಪತ್ರಗಳು ಎಲ್ಲ ಕಣ್ಣ ಮುಂದೆ.

ಆ ವರ್ಷ ಪರೀಕ್ಷೆಯ ಗಡಿಬಿಡಿಯಲ್ಲಿ ಕೆಲವು ದಿನ ನಾನು ಸೈಬರಿನತ್ತ ಹಾಯಲಿಲ್ಲ. ಕಾಕಾ ಹೊಸ ಕಂಪ್ಯೂಟರು ತರಿಸಿದ್ದು ನನಗೆ ಗೊತ್ತಾಗಲಿಲ್ಲ.

ಒಂದು ಸಂಜೆ ಶಾಲೆಯಿಂದ ಬಂದೆ. ಮನೆಯ ಮುಂದೆ ಟಂಟಂ ಗಾಡಿ ನಿಂತಿತ್ತು. ಭಾವ ಕಂಪ್ಯೂಟರೊಂದನ್ನು ಕೂಸಿನಂತೆ ಎತ್ತಿ ಒಳಗೆ ತರುತ್ತಿದ್ದರು. ಮಾನಿಟರಿನ ಮೂಲೆಯಲ್ಲಿ ಕಾಕಾ ದಿನಾಲು ಹಚ್ಚುತ್ತಿದ್ದ ವಿಭೂತಿಯ ಕಲೆ. ಪಕ್ಕದಲ್ಲಿ ನನ್ನ ಮಗಳು ಒಮ್ಮೆ ಅಂಟಿಸಿದ್ದ ಚಿಟ್ಟೆಯ ಚಿತ್ರ. ಮೂಲೆಯ ಕಂಪ್ಯೂಟರು! ಕತ್ತರಿ ಅದರಲ್ಲೇ ಇತ್ತು.

"ಅಡತಿ ಕಾಕಾ ಕಡಿಮಿ ರೊಕ್ಕಕ್ಕ ಕೊಟ್ಟಾನ ನೋಡ ಯವ್ವಾ," ಎಂದು ಭಾವ ಅತ್ತೆಗೆ ಹೇಳುತ್ತಿದ್ದರು. "ಅಂಗಡಿ ಬಿಲ್ಲಿಗೆ ಆತು, ಹುಡುಗರು ಕಲಿಯಾಕೂ ಆತು. ರವಿವಾರ ನನ್ನ ದೋಸ್ತ ಬಂದು ಫೋನಿನ ವೈರ್ ಜೋಡಿಸಿ ಇಂಟರ್ನೆಟ್ ಹಚ್ಚಿ ಕೊಡ್ತಾನ. ಒಳಗ ಏನೇನೈತಿ ಎಲ್ಲಾ ತಗದ ತೋರಸ್ತಾನ."

ಅತ್ತೆ ಆರತಿ ತಂದರು. ಆರತಿಯ ಹೊತ್ತಿಗೆ ನಾನು ಎದುರಿಗೆ ನಿಲ್ಲುವಂತಿರಲಿಲ್ಲ. ಅಡಿಗೆಮನೆಯ ಬಾಗಿಲ ಸಂದಿಯಿಂದ ನೋಡಿದೆ. ಕಂಪ್ಯೂಟರಿಗೆ ಕುಂಕುಮ ಹಚ್ಚಿದರು, ಹೂ ಮುಡಿಸಿದರು. ನನಗೆ ಇಲ್ಲದ್ದು ಅದಕ್ಕೆ ಸಿಕ್ಕಿತಲ್ಲ ಎಂದು ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಅಂದು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ. ಹುಡುಗರು ಮುಟ್ಟಿಗಿಟ್ಟಾರೆಂದು ಭಾವ ಕರೆಂಟಿನ ವೈರು ಬಿಚ್ಚಿ ಅಂಗಡಿಗೆ ಒಯ್ದರು. ಕದ್ದು ಹಚ್ಚಿ ಅಳಿಸೋಣವೆಂದರೆ ಆ ದಾರಿಯೂ ಮುಚ್ಚಿತು.

ಮಗಳು ಬಂದು ಸೀರೆ ಜಗ್ಗಿ, "ಯವ್ವಾ, ನಮ್ಮ ಚಿಟ್ಟಿ ನಮ್ಮ ಮನೀಗೇ ಬಂತು!" ಎಂದಳು. ಆಕೆಯ ಬಾಯಿಯ ಮೇಲೆ ಕೈ ಇಟ್ಟೆ.

ಮರುದಿನ ಶಾಲೆಗೆ ಹೋಗುವ ಮೊದಲು ಸೈಬರಿಗೆ ಓಡಿದೆ. ಕಾಕಾ ನನ್ನನ್ನು ನೋಡಿ ಮುಖ ಅರಳಿಸಿದರು.

"ಬಾರವಾ. ನಿಂದೆಲ್ಲಾ ಹೊಸಾದಕ್ಕ ಹಾಕೇನಿ. ಕತ್ತರಿ, ನವಿಲು, ಚಂದ್ರ, ಯಾರದೂ ಒಂದ ಕಾಳ ಸೋರಿಲ್ಲ. ನಾನೇ ಕುಂತ ಒಂದೊಂದ ತಗದ ನೋಡೇನಿ."

"ಹಳೇದರಾಗಿಂದು ಅಳಿಸಿದ್ರಿ?"

"ಅಳಿಸೂದ ಏನ ಬಂತು? ಹೊಸಾದಕ್ಕ ಸುರುವೇನಲ್ಲ. ಸುರುವಿದ ಮ್ಯಾಲ ಚೀಲದಾಗ ಏನ ಉಳೀತೈತಿ? ಅದಕ್ಕ ಧೈರ್ಯದಿಂದ ನಿಮ್ಮ ಭಾವಗ ಕೊಟ್ಟೇನಿ. ಎಲ್ಲಾದರಾಗ ಅದು ಛಲೋ ಮಷೀನು. ಮಂದಿಗ್ಯಾಕ, ನಿನ್ನ ಮಗಳಾದ್ರೂ ಕಲೀಲಿ ಅಂತ."

ಸಿಟ್ಟು ಬರಬೇಕಿತ್ತು, ಅಳು ಬಂತು. ಜೀವಮಾನವಿಡೀ ಈ ಚೀಲದಿಂದ ಆ ಚೀಲಕ್ಕೆ, ಈ ವಖಾರದಿಂದ ಆ ವಖಾರಕ್ಕೆ ಮಾಲು ಸಾಗಿಸಿದ ಮನುಷ್ಯ. ಒಂದು ವಸ್ತು ಅಲ್ಲಿಗೆ ಹೋದ ಮೇಲೂ ಇಲ್ಲಿ ಇದ್ದೇ ಇರುತ್ತದೆ ಎಂದು ಅವರಿಗೆ ಯಾಕೆ ಹೊಳೆಯಬೇಕು? ಮೇಜಿನ ಮೇಲಿದ್ದ ಫ್ಲಾಪಿಯೊಂದನ್ನು ಹಾಕಿದೆ. ತಕ್ಕಡಿ ಎಂಬುದು ಅವರ ಸ್ವಂತ ಫೋಲ್ಡರು. ಹತ್ತಿ ಧಾರಣೆಯ ಪುಟ, ಪಂಚಾಂಗದ ಪುಟ ಅದರಲ್ಲಿದ್ದವು. ಅದನ್ನು ಅವರೆದುರೇ ಫ್ಲಾಪಿಗೆ ತೆಗೆದುಕೊಂಡೆ. ಫ್ಲಾಪಿ ತೆರೆದು ತೋರಿಸಿದೆ, ತಕ್ಕಡಿ ಇತ್ತು. ಕಂಪ್ಯೂಟರು ತೆರೆದು ತೋರಿಸಿದೆ, ಅಲ್ಲಿಯೂ ಇತ್ತು.

ಕಾಕಾ ಅದನ್ನು ನೋಡಿದರು, ಇದನ್ನು ನೋಡಿದರು. ಸ್ಟೂಲಿನ ಮೇಲೆ ಕುಸಿದು, "ಅಂದ್ರ ಅಲ್ಲಿ ನೀ ಇನ್ನೂ ಇದ್ದೀ," ಅಂದರು.

"ಇದ್ದೇನ್ರಿ. ಫೋಟೋ ಸುದ್ದಾ."

ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕಳೆದೀತೆಂದು ಹೆದರಿ ಹೆದರಿ ಬದುಕಿದವರಿಗೆ, ಉಳಿದುಬಿಟ್ಟಿದೆ ಎಂಬ ಹೆದರಿಕೆ ಹೊಸದು. ಅದನ್ನು ಹೇಗೆ ಹಿಡಿಯಬೇಕೆಂದೇ ಅವರಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ, "ಸಾಲಿಗೆ ಹೋಗವಾ. ಸಂಜಿಕ ನಾ ಬರತೇನಿ," ಅಂದರು. ಅಂದು ನಾನು ಮಕ್ಕಳಿಗೆ ಏನು ಕಲಿಸಿದೆನೋ ದೇವರಿಗೇ ಗೊತ್ತು.

ಸಂಜೆ ಬಂದರು. ಭಾವ ಪಡಸಾಲೆಯಲ್ಲಿ ಕುಳಿತಿದ್ದರು. ನಾನು ನೀರು ಕೊಟ್ಟೆ. ಕಾಕಾ ಕುಡಿಯದೆ ತಂಬಿಗೆಯನ್ನು ಪಕ್ಕಕ್ಕಿಟ್ಟರು.

"ಆ ಮಷೀನು ತಿರುಗಿ ಒಯ್ಯಬೇಕಂತ ಬಂದೇನಿ," ಅಂದರು.

"ಯಾಕ್ರಿ ಕಾಕಾ? ನಿನ್ನೆ ಭಾರೀ ಛಲೋ ಐತಿ ಅಂದ್ರಿ?"

"ಒಳಗ ಒಂದ ಸಾಮಾನು ಸುಟ್ಟೈತಿ. ಕರೆಂಟ್ ಹಚ್ಚಿದ್ರ ಬೆಂಕಿ ಹತ್ತೂದು."

ಭಾವ ನಕ್ಕುಬಿಟ್ಟರು. "ಇಷ್ಟ ಹೌದಲ್ರಿ? ನೀವು ಕಾಳಜೀನ ಮಾಡಬ್ಯಾಡ್ರಿ. ರವಿವಾರ ನಮ್ಮ ದೋಸ್ತ ಬರಾಂವ ಅದಾನ. ಬಿಚ್ಚಿ ನೋಡಿ ರಿಪೇರಿ ಮಾಡ್ತಾನ. ಚಹಾ ಕುಡೀರಿ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಮಗಳು ನನ್ನ ಕಾಲಿಗೆ ಒರಗಿ ಬೆಲ್ಲ ತಿನ್ನುತ್ತಿದ್ದಳು. ಆಕೆಯ ತಲೆಯನ್ನು ಒತ್ತಿ ಹಿಡಿದುಕೊಂಡೆ. ಕಾಕಾ ಟೊಪ್ಪಿಗೆ ಸರಿಮಾಡಿಕೊಂಡರು. ಮುಗಿಯಿತು, ಇನ್ನು ಎದ್ದು ಹೋಗುತ್ತಾರೆ ಅಂದುಕೊಂಡೆ.

"ಅದು ಸುಟ್ಟದ್ದು ನನಗ ಮೊದಲ ಗೊತ್ತಿತ್ತು," ಅಂದರು. "ಗೊತ್ತಿದ್ದ ಮಾರೇನಿ."

ಭಾವನ ನಗು ನಿಂತಿತು. "ಏನಂದ್ರಿ?"

"ಖರಾಬ್ ಮಾಲು ಛಲೋ ಐತಿ ಅಂತ ಹೇಳಿ ಕೊಟ್ಟೇನಿ. ರಾತ್ರಿ ನಿದ್ದಿ ಹತ್ತಲಿಲ್ಲ. ಅದಕ್ಕ ಬಂದೇನಿ."

"ಸಣ್ಣ ಹುಡುಗರು ಇರೂ ಮನೀಗೆ? ಬೆಂಕಿ ಹತ್ತೂದಂತ ಗೊತ್ತಿದ್ದು?" ಭಾವ ಎದ್ದುನಿಂತಿದ್ದರು. "ನಿಮ್ಮ ತಕ್ಕಡಿ ನೋಡಿ ಇಡೀ ಪೇಟಿ ಕಣ್ಣ ಮುಚ್ಚಿ ಮಾಲು ಹಾಕ್ತಿತ್ತು. ನಿಮ್ಮ ವಯಸ್ಸ ನೋಡಿ ಒಂದ ಮಾತ ಕಡಿಮಿ ಆಡ್ತೇನಿ. ಎತ್ಕೊಂಡ ಹೋಗ್ರಿ. ಈಗಿಂದೀಗ ನನ್ನ ಕಣ್ಣ ಮುಂದಿಂದ ಹೋಗಬೇಕು ಅದು."

ಕಾಕಾ ಪಡೆದ ರೊಕ್ಕವನ್ನು ಕಟ್ಟೆಯ ಮೇಲಿಟ್ಟರು. ಯಂತ್ರ ಎತ್ತಲು ಭಾವ ಕೈ ಹಚ್ಚಲಿಲ್ಲ. ಆ ವಯಸ್ಸಿನಲ್ಲಿ ಒಬ್ಬರೇ ಆ ಭಾರದ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಧೋತರದ ಅಂಚು ತುಳಿದು ಮುಗ್ಗರಿಸುತ್ತ, ಹೊರಗಿದ್ದ ಕೈಗಾಡಿಗೆ ಹಾಕಿದರು. ಮಾನಿಟರಿಗೆ ಮತ್ತೆ ಬಂದರು. ನನ್ನತ್ತ ಒಮ್ಮೆಯೂ ನೋಡಲಿಲ್ಲ. ಗೋಣಿತಟ್ಟಿನ ಆ ಚಿಕ್ಕ ಸುಳ್ಳು ಬಿಟ್ಟರೆ, ಅವರು ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ, ಮತ್ತು ಆ ಸುಳ್ಳಿಗೆ ಅವರು ಆರಿಸಿಕೊಂಡದ್ದು ತಮ್ಮನ್ನೇ ಹಾಳು ಮಾಡುವ ಮಾತನ್ನು.

ಮರುದಿನ ಸೈಬರಿನಲ್ಲಿ, ಗೋಣಿತಟ್ಟಿನ ಹಿಂದೆ, ನನ್ನದನ್ನೆಲ್ಲ ಅಳಿಸಲು ಕುಳಿತೆ. ಕಾಕಾ ಅಡ್ಡ ಬಂದರು. "ಮೊದಲ ಇನ್ನೊಂದ ಕಡೆ ಇಟ್ಕೊ. ಆ ಕಿತ್ತೂರವ್ರನ ಎಲ್ಲಿ ಹುಡುಕತೀ ಆಮ್ಯಾಲ?" ಕತ್ತರಿಯನ್ನು ಫ್ಲಾಪಿಗೆ ತೆಗೆದುಕೊಂಡೆ. ಅದನ್ನು ಹೊರಗೆ ತೆಗೆಸಿದರು, ಮತ್ತೆ ಹಾಕಿಸಿದರು, ತೆರೆಸಿ ನೋಡಿದರು. ಆಮೇಲೆ ಹಳೆಯದರಿಂದಲೂ ಹೊಸದರಿಂದಲೂ ಅಳಿಸಿದೆ; ಬುಕ್‌ಮಾರ್ಕು, ನೆನಪಿಟ್ಟ ಪಾಸ್‌ವರ್ಡು, ನೋಡಿದ ಪುಟಗಳ ಜಾಡು, ಎಲ್ಲ. ಅಳಿಸುವಾಗ ಕಾಕಾ ಅತ್ತ ಮುಖ ಮಾಡಿ ರಸ್ತೆ ನೋಡುತ್ತ ನಿಂತಿದ್ದರು. ಬೇಕಾಗಿ ಅಳಿಸುವುದನ್ನು ನೋಡುವುದೂ ಅವರಿಂದ ಆಗುತ್ತಿರಲಿಲ್ಲ. ಒಳಗಿನಿಂದ ಒಂದು ಹಿಡಿ ಬಿಡಿಸಿದ ಹತ್ತಿ ತಂದು, ಫ್ಲಾಪಿಯನ್ನು ಅದರಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಬೇಸಿಗೆ ರಜೆಗೆ ಮುರಗೋಡಕ್ಕೆ ಹೋದೆ. ತವರಿನಿಂದ ಬಸ್ಸು ಹತ್ತಿ ಸವದತ್ತಿಯ ಸೈಬರೊಂದಕ್ಕೆ ಹೋಗಿ ಫ್ಲಾಪಿ ಹಾಕಿದರೆ ಯಂತ್ರ ಗರಗರ ಎಂದು ಹಲ್ಲು ಕಡಿಯಿತೇ ಹೊರತು ಓದಲಿಲ್ಲ. ಮತ್ತೊಂದು ಕಂಪ್ಯೂಟರಿಗೆ ಹಾಕಿದೆ. ಗರಗರ, ಮೌನ, ಮತ್ತೆ ಗರಗರ. ತೆರೆಯಿತು. ಪಾಸ್‌ವರ್ಡು ನೆನಪಿತ್ತು. ಕಿತ್ತೂರಿನವರ ಪುಟದಲ್ಲಿ ನನಗಾಗಿ ಒಂದು ಸಾಲು ಕಾದಿತ್ತು: "ಪರೀಕ್ಷೆ ಮುಗಿದಿರಬೇಕು. ಮಗಳು ಹೇಗಿದ್ದಾಳೆ?" ನನ್ನನ್ನು ಕೇಳುವ ಮೊದಲು ಮಗಳನ್ನು ಕೇಳಿದ್ದರು. ಅಂದೇ ನನ್ನ ಅಣ್ಣನಿಗೆ ಎಲ್ಲ ಹೇಳಿದೆ.

ಹಿರಿಯರು ಕಿತ್ತೂರಿನಿಂದ ಬಂದರು, ಬೈಲಹೊಂಗಲದಿಂದ ಬಂದರು. ನಮ್ಮ ಅಂಗಳದಲ್ಲಿ ಮಾತುಕತೆ ಆಯಿತು. ಭಾವ ಕೂಗಾಡಿದರು, ಅತ್ತರು, ಎದ್ದು ಹೋದರು, ಮತ್ತೆ ಬಂದು ಕುಳಿತರು. ಕೊನೆಗೆ, "ಹಬ್ಬಕ್ಕ ಕೂಸಿನ ಕಳಸಬೇಕು" ಎಂಬ ಒಂದು ಮಾತಿಗೆ ಒಪ್ಪಿ ಮಗಳನ್ನು ಬಿಟ್ಟುಕೊಟ್ಟರು. ಎದುರಿಗೆ ಕುಳಿತು ಕೇಳಿದ್ದಕ್ಕೆ ಆ ಉತ್ತರ ಸಿಕ್ಕಿತು. ಗೆಳೆಯನ ಮುಂದೆ, ಪರದೆಯ ಮೇಲೆ, ತಮ್ಮನ ಹೆಂಡತಿಯ ಫೋಟೋ ನೋಡಿದ್ದರೆ ಅವರು ಕೊಡುತ್ತಿದ್ದ ಉತ್ತರ ಬೇರೆಯೇ.

ಕಾಕಾ ತೆತ್ತದ್ದು ಮಾತ್ರ ಇನ್ನೊಂದು ಬಗೆಯದು. ಪೇಟೆಯಲ್ಲಿ ತೂಕದ ತಕರಾರು, ಹತ್ತಿ ಹಸಿಯೋ ಒಣವೋ ಎಂಬ ಜಗಳ ಬಂದರೆ ಎರಡೂ ಕಡೆಯವರು ಅವರನ್ನು ಕರೆಯುತ್ತಿದ್ದರು. ಅವರು ಮುಟ್ಟಿ ಹೇಳಿದರೆ ಅಲ್ಲಿಗೆ ಮುಗಿಯಿತು. ಆ ಹಂಗಾಮಿನಿಂದ ಯಾರೂ ಕರೆಯಲಿಲ್ಲ. ಗೊತ್ತಿದ್ದೂ ಖರಾಬ್ ಮಾಲು ಮಾರಿದವನೆಂಬ ಮಾತು ಗೊಬ್ಬರದ ಅಂಗಡಿಯಿಂದ ಹೊರಟು ದೂರದ ಸಾಲಹಳ್ಳಿ ಊರಿನ ರೈತರವರೆಗೂ ಮುಟ್ಟಿತ್ತು. ರಸ್ತೆಯ ಆಚೆ ಜಗಳ ನಡೆಯುತ್ತಿದ್ದರೆ ಕಾಕಾ ಕುರ್ಚಿಯ ತುದಿಗೆ ಬಂದು ಕೂರುವುದನ್ನು, ಯಾರಾದರೂ ಇತ್ತ ತಿರುಗಿಯಾರೇ ಎಂದು ನೋಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮದುವೆ ನಿಶ್ಚಯವಾದ ಮೇಲೆ ಒಮ್ಮೆ, ತಡೆಯಲಾರದೆ, ನಾನು ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದೆ.

"ಹೇಳಿದ್ರ ಅದರಾಗ ಏನಿತ್ತು ಅಂತ ಕೇಳ್ತಾರ. ನಿನ್ನ ಸಂಸಾರ ಈಗರೆ ಬೇರ ಬಿಡಾಕತ್ತೈತಿ. ಸುಮ್ಮ ಇರು," ಅಂದರು. ಆಮೇಲೆ, "ನನಗ ಕಾಳಜಿ ಮಾಡಾಕ ಬ್ಯಾರೆ ಭಾಳ ಅದಾವ ಬಿಡವಾ. ಆ ಯುಪಿಎಸ್ ನೋಡು, ಹೆಂಗ ಕುಂಯ್ಯ ಅನ್ನಾಕತ್ತೈತಿ," ಎಂದು ಎದ್ದು ಹೋದರು.

ನನ್ನ ಮದುವೆಗೆ ಅವರು ಬರಲಿಲ್ಲ. ಭಾವನ ಕಡೆಯವರು ಇರುತ್ತಾರೆಂದು. ಕಿತ್ತೂರಿಗೆ ಆಗಾಗ ಫೋನು ಮಾಡಿ ಮಗಳ ಶಾಲೆ, ಮನೆಯವರ ಆರೋಗ್ಯ ಕೇಳುತ್ತಿದ್ದರು. ಮಗಳಿಗೆ ತಿಳಿವಳಿಕೆ ಬಂದ ಮೇಲೆ ನಾನು ಎಲ್ಲವನ್ನೂ ಹೇಳಿದೆ. ಆಕೆ ಅವರನ್ನು ಮುತ್ಯಾ, ಅಂದರೆ ಅಜ್ಜ, ಎನ್ನುತ್ತಿದ್ದಳು.

ಅವರು ಹೋದ ಸುದ್ದಿ ಬಂದಾಗ ಮಗಳನ್ನು ಕರೆದುಕೊಂಡು ಬೈಲಹೊಂಗಲಕ್ಕೆ ಹೋದೆ. ಕಾಕಾರ ದೇಹವನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ವಿಭೂತಿ, ಹೂಮಾಲೆ. ಭಜನೆ ನಡೆದಿತ್ತು. ಹೊರಗಿನ ಕಟ್ಟೆಯ ಮೇಲೆ ಪೇಟೆಯ ಹಳೆಯ ವ್ಯಾಪಾರಿಗಳು, ಅವರ ನಡುವೆ ನನ್ನ ಭಾವ.

"ಚೊಕ್ಕ ಮನಷ್ಯಾ," ಎಂದು ಒಬ್ಬರು ಅಂದರು. "ಅದೊಂದ ಕಂಪ್ಯೂಟರ್ ವಿಷಯದಾಗ ಯಾಕ ಹಂಗ ಮಾಡಿದ್ನೋ ಏನೋ."

"ಹೂಂ," ಎಂದರು ಭಾವ. "ಅದು ನಮ್ಮ ಮನೀಗೆ ಬಂದದ್ದು. ಮರಿಬೇಕಂದ್ರೂ ಆಗೂದಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಮಗಳು ಅವರ ಎದುರಿಗೆ ಹೋಗಿ ನಿಂತಿದ್ದಳು.

"ಅದು ಖರಾಬ್ ಇರಲಿಲ್ಲ ದೊಡಪ್ಪಾ. ಅದರಾಗ ನಮ್ಮವ್ವ ಇದ್ಲು. ನೀ ನೋಡಿದ್ರ ನಾ ನಮ್ಮವ್ವನ ಕಳಕೊಂತಿದ್ದೆ. ಅದಕ್ಕ ಮುತ್ಯಾ ಸುಳ್ಳ ಹೇಳಿದ."

ಭಾವ ನನ್ನನ್ನು ನೋಡಿದರು. "ಹೌದ್ರಿ," ಎಂದೆ, ಮತ್ತು ನಡೆದದ್ದನ್ನು ಅಲ್ಲಿಯೇ, ಅವರೆಲ್ಲರಿಗೂ ಕೇಳುವ ಹಾಗೆ ಹೇಳಿದೆ. ಭಾವ ಟವೆಲಿನಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. ಕಾಕಾರನ್ನು ಎತ್ತುವ ವೇಳೆಗೆ ಎಲ್ಲರನ್ನೂ ಸರಿಸಿ ಮುಂದೆ ಹೋಗಿ ಹೆಗಲು ಕೊಟ್ಟರು. ದಾರಿಯಲ್ಲಿ ಬೇರೆಯವರು ಬಿಡಿಸಿಕೊಳ್ಳಲು ಬಂದರು. ಮಣ್ಣು ಮಾಡುವ ಜಾಗ ಮುಟ್ಟುವವರೆಗೂ ಅವರು ಹೆಗಲು ಬಿಡಲಿಲ್ಲ.